ವಾಂತಿ, ಭೇದಿ ಮತ್ತು ಒಂದು ಬಿಳಿ ಮಾತ್ರೆ

ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಗರ್ಭನಿರೋಧಕ ಮಾತ್ರೆ ನುಂಗಿದ ಹೆಂಗಸಿಗೆ ಹನ್ನೊಂದೂವರೆಗೆ ವಾಂತಿಯಾದರೆ ಆ ದಿನದ ಮಾತ್ರೆ ಲೆಕ್ಕಕ್ಕೆ ಬಂತೋ ಇಲ್ಲವೋ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಎರಡು ಗಂಟೆಯ ಗಡಿ ಹಾಕುತ್ತದೆ. ಅಷ್ಟರೊಳಗೆ ವಾಂತಿಯಾದರೆ ಮಾತ್ರ ಇನ್ನೊಂದು ನುಂಗಿ ಎನ್ನುತ್ತದೆ. ಬ್ರಿಟನ್ನಿನ ತಜ್ಞರು ಮೂರು ಗಂಟೆ ಎನ್ನುತ್ತಾರೆ. ಯುರೋಪಿನಲ್ಲಿ ಮಾರಾಟವಾಗುವ ಹಲವು ಮಾತ್ರೆಗಳ ಡಬ್ಬಿಯೊಳಗಿನ ಚೀಟಿಯಲ್ಲಿ ಮೂರರಿಂದ ನಾಲ್ಕು ಗಂಟೆ ಎಂದಿರುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಂತೂ ಗಂಟೆಯ ಗೊಡವೆಗೆ ಅಷ್ಟಾಗಿ ಹೋಗದೆ, ವಾಂತಿಯೋ ಭೇದಿಯೋ ಎರಡು ದಿನ ದಾಟಿತೇ ಎಂದು ವಿಚಾರಿಸುತ್ತದೆ. ಮಾತ್ರೆ ಒಂದೇ, ಹೊಟ್ಟೆ ಒಂದೇ, ಉತ್ತರ ನಾಲ್ಕು. ಇದನ್ನು ಕಂಡು 'ಡಾಕ್ಟರುಗಳಿಗೇ ಸರಿಯಾಗಿ ಗೊತ್ತಿಲ್ಲ' ಎಂದು ನಿಯಮವನ್ನೇ ಕೈಬಿಡುವವರಿದ್ದಾರೆ. ಹೊಟ್ಟೆ ಒಂದಿಷ್ಟು ಗುಡುಗುಡು ಎಂದರೂ ಮುಂದಿನ ಮುಟ್ಟು ಬರುವ ತನಕ ಜೀವ ಕೈಯಲ್ಲಿ ಹಿಡಿದುಕೊಂಡಿರುವವರೂ ಇದ್ದಾರೆ. ಇಬ್ಬರದ್ದೂ ಅತಿಯಾಯಿತು. ಈ ನಾಲ್ಕು ಉತ್ತರಗಳ ಹಿಂದಿರುವ ಶರೀರಶಾಸ್ತ್ರ ಒಂದೇ. ಹೊಟ್ಟೆ ಎಷ್ಟು ಕೆಟ್ಟಿತು ಎಂಬುದಕ್ಕಿಂತ, ಕೆಟ್ಟ ಹೊತ್ತಿನಲ್ಲಿ ಮಾತ್ರೆ ದೇಹದೊಳಗೆ ಎಲ್ಲಿತ್ತು ಎಂಬುದು ಮುಖ್ಯ. ಅದಕ್ಕಿಂತಲೂ ಮುಖ್ಯವಾದದ್ದು ಆ ಮಾತ್ರೆ ಸ್ಟ್ರಿಪ್ಪಿನಲ್ಲಿ ಎಷ್ಟನೆಯದು ಎಂಬುದು.

ಮಾತು ಗಾಳಿಯಲ್ಲಿ ತೇಲದಿರಲಿ, ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತ್ರೆಯನ್ನೇ ಮುಂದಿಟ್ಟುಕೊಳ್ಳೋಣ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಸಿಗುವ ಮಾಲಾ-ಎನ್ ಸ್ಟ್ರಿಪ್ಪಿನಲ್ಲಿ 28 ಮಾತ್ರೆಗಳಿರುತ್ತವೆ. ಅದರಲ್ಲಿ 21 ಬಿಳಿ ಮಾತ್ರೆಗಳು ಮಾತ್ರ ಗರ್ಭನಿರೋಧಕ. ಒಂದೊಂದರಲ್ಲೂ ಎರಡು ಹಾರ್ಮೋನು: ಈಥಿನೈಲ್ ಈಸ್ಟ್ರಾಡಿಯಾಲ್ 0.03 ಮಿಲಿಗ್ರಾಂ, ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ. ಕೊನೆಯ 7 ಗಾಢ ಬಣ್ಣದ ಮಾತ್ರೆಗಳು ಬರೀ ಕಬ್ಬಿಣ. ದಿನಕ್ಕೊಂದು ನುಂಗುವ ರೂಢಿ ತಪ್ಪದಿರಲಿ, ಜೊತೆಗೆ ರಕ್ತಹೀನತೆಗೂ ಒಂದಿಷ್ಟು ಆಗಲಿ ಎಂದು ಇಟ್ಟವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಮಾತ್ರೆ ಬಳಸುವವರು ಶೇ. 5.1ರಷ್ಟು; ಆಪರೇಷನ್ ಮಾಡಿಸಿಕೊಂಡವರು ಶೇ. 37.9. ಕರ್ನಾಟಕದಲ್ಲಿ ಆಪರೇಷನ್ನಿನ ಪಾಲು ಅರ್ಧಕ್ಕಿಂತಲೂ ಹೆಚ್ಚು. ಆದ್ದರಿಂದ ನಮ್ಮಲ್ಲಿ ಮಾತ್ರೆಯ ಬಗ್ಗೆ ಮನೆಯೊಳಗೆ ಅನುಭವದಿಂದ ಹೇಳಿಕೊಡುವವರು ಕಡಿಮೆ. ಅತ್ತೆಯೋ ಅಕ್ಕನೋ ಎರಡನೆಯ ಹೆರಿಗೆಯ ನಂತರ ಆಪರೇಷನ್ ಮಾಡಿಸಿಕೊಂಡವರಾದರೆ, ವಾಂತಿಯಾದ ರಾತ್ರಿ ಏನು ಮಾಡಬೇಕೆಂದು ಅವರನ್ನು ಕೇಳಿ ಪ್ರಯೋಜನವಿಲ್ಲ.

ನುಂಗಿದ ಮಾತ್ರೆ ಹೊಟ್ಟೆಯಲ್ಲಿ ಕರಗುತ್ತದೆ, ಆದರೆ ರಕ್ತಕ್ಕೆ ಸೇರುವುದು ಮುಖ್ಯವಾಗಿ ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಎರಡೂ ಹಾರ್ಮೋನುಗಳು ಕೊಬ್ಬಿನಲ್ಲಿ ಸುಲಭವಾಗಿ ಬೆರೆಯುವಂಥವು, ಅಣುಗಳೂ ಸಣ್ಣವು. ಕರುಳಿನ ಗೋಡೆ ದಾಟಲು ಅವಕ್ಕೆ ಯಾರ ಸಹಾಯವೂ ಬೇಕಿಲ್ಲ. ರಕ್ತದಲ್ಲಿ ಎರಡರ ಪ್ರಮಾಣವೂ ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆಯೊಳಗೆ ಶಿಖರ ಮುಟ್ಟುತ್ತದೆ. ಲೆವೊನಾರ್ಜೆಸ್ಟ್ರೆಲ್ ಹೆಚ್ಚು ಕಡಿಮೆ ಪೂರ್ತಿಯಾಗಿ ದಕ್ಕುತ್ತದೆ. ಈಥಿನೈಲ್ ಈಸ್ಟ್ರಾಡಿಯಾಲ್‌ನ ಪಾಡು ಬೇರೆ: ಕರುಳಿನ ಗೋಡೆಯಲ್ಲೂ ಯಕೃತ್ತಿನಲ್ಲೂ ಸುಂಕ ಕಟ್ಟಿ ಕಟ್ಟಿ, ನುಂಗಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ರಕ್ತದ ಮುಖ್ಯ ಹರಿವಿಗೆ ಸೇರುತ್ತದೆ. ಶಿಖರ ಎರಡು ಗಂಟೆಯ ಹೊತ್ತಿಗೇ ಬರುವುದೆಂದರೆ ಹೀರುವ ಕೆಲಸದ ದೊಡ್ಡ ಪಾಲು ಅಷ್ಟರಲ್ಲಿ ಮುಗಿದಿದೆ ಎಂದರ್ಥ. ಎರಡು ಗಂಟೆಯ ಗಡಿ ಬಂದದ್ದು ಇಲ್ಲಿಂದ. ಹಾಗಾದರೆ ಮೂರು, ನಾಲ್ಕು ಎಲ್ಲಿಂದ ಬಂದವು? ಸರಾಸರಿಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಎಣ್ಣೆ ಪದಾರ್ಥ ಹೆಚ್ಚಾಗಿ ಉಂಡಿದ್ದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ವಾಂತಿಗೆ ಮೊದಲು ಹೊಟ್ಟೆ ತೊಳಸುತ್ತಿರುವಾಗಲೂ ಅಲ್ಲಿದ್ದದ್ದು ಮುಂದಕ್ಕೆ ಸರಿಯದೆ ನಿಂತುಬಿಡುತ್ತದೆ. ಅಂಥವರಲ್ಲಿ ಎರಡು ಗಂಟೆಯಾದರೂ ಮಾತ್ರೆಯ ಒಂದಂಶ ಇನ್ನೂ ಹೊಟ್ಟೆಯಲ್ಲೇ ಇರಬಹುದು. ಆದ್ದರಿಂದ ಎರಡು ಎನ್ನುವವರಿಗೂ ನಾಲ್ಕು ಎನ್ನುವವರಿಗೂ ಇರುವ ಜಗಳ ವಿಜ್ಞಾನದ್ದಲ್ಲ, ಜಾಗ್ರತೆಗೆ ಎಷ್ಟು ಅಂಚು ಬಿಡಬೇಕು ಎಂಬುದರದ್ದು. ವಾಂತಿಯಲ್ಲಿ ಮಾತ್ರೆ ಕಾಣಿಸಿತೇ ಎಂದು ಹುಡುಕುವುದರಿಂದ ಉಪಯೋಗವಿಲ್ಲ. ಇಷ್ಟು ಚಿಕ್ಕ ಮಾತ್ರೆ ಹೊಟ್ಟೆಯಲ್ಲಿ ಬೇಗನೆ ಪುಡಿಯಾಗುತ್ತದೆ. ಕಾಣಿಸಲಿಲ್ಲ ಎಂದರೆ ರಕ್ತಕ್ಕೆ ಸೇರಿತು ಎಂದೇನೂ ಅಲ್ಲ.

ಒಂಬತ್ತರ ಮಾತ್ರೆ, ಹನ್ನೊಂದೂವರೆಯ ವಾಂತಿ. ಎರಡು ಗಂಟೆ ದಾಟಿದೆ, ಮೂರು ಆಗಿಲ್ಲ. ನನ್ನನ್ನು ಕೇಳಿದರೆ ಇನ್ನೊಂದು ಬಿಳಿ ಮಾತ್ರೆ ನುಂಗುವುದೇ ಸರಿ. ನುಂಗಿದ್ದು ಅನಗತ್ಯವಾಗಿದ್ದರೆ ಆಗುವ ನಷ್ಟ ಒಂದು ಮಾತ್ರೆಯ ಬೆಲೆ, ಹೆಚ್ಚೆಂದರೆ ತುಸು ಹೊಟ್ಟೆ ತೊಳಸು. ಅಗತ್ಯವಿದ್ದೂ ನುಂಗದಿದ್ದರೆ ಆಗಬಹುದಾದ ನಷ್ಟಕ್ಕೆ ಅದನ್ನು ಹೋಲಿಸುವಂತೆಯೇ ಇಲ್ಲ. ಆದರೆ ಆ ಹೆಚ್ಚುವರಿ ಮಾತ್ರೆಯನ್ನು ಬೇರೆ ಸ್ಟ್ರಿಪ್ಪಿನಿಂದ ತೆಗೆಯಬೇಕು. ನಡೆಯುತ್ತಿರುವ ಸ್ಟ್ರಿಪ್ಪಿನ ನಾಳೆಯ ಮಾತ್ರೆಯನ್ನು ಇಂದೇ ನುಂಗಿದರೆ ಕೊನೆಯಲ್ಲಿ ಒಂದು ಕಡಿಮೆಯಾಗುತ್ತದೆ, ಬಾಣದ ಗುರುತು ಹಿಡಿದು ಹೋಗುವವರ ಲೆಕ್ಕವೂ ತಪ್ಪುತ್ತದೆ. ಇನ್ನು, ಹಾಗೆ ವಾಂತಿಯಾದದ್ದು ಕೊನೆಯ ವಾರದ ಕಬ್ಬಿಣದ ಮಾತ್ರೆ ನುಂಗಿದ ಮೇಲಾದರೆ ಏನೂ ಮಾಡಬೇಕಿಲ್ಲ. ಅದರಲ್ಲಿ ಹಾರ್ಮೋನೇ ಇಲ್ಲ.

ವಾಂತಿಯ ಲೆಕ್ಕ ಹೀಗೆ ಸರಳ. ಭೇದಿಯದು ಹಾಗಲ್ಲ, ಮತ್ತು ಜನರಲ್ಲಿ ತಪ್ಪು ತಿಳಿವಳಿಕೆ ಹೆಚ್ಚಿರುವುದೂ ಇಲ್ಲೇ. ದಿನಕ್ಕೆ ಆರು ಸಲ ನೀರಿನಂತೆ ಹೋಗುತ್ತಿದ್ದರೆ ತಿಂದದ್ದು, ಕುಡಿದದ್ದು, ನುಂಗಿದ್ದು ಎಲ್ಲವೂ ಕೊಚ್ಚಿಹೋಗುತ್ತದೆ ಎಂದು ಅನಿಸುವುದು ಸಹಜ. ಆದರೆ ಕರುಳು ಅಷ್ಟು ಬೇಗ ಸೋಲುವುದಿಲ್ಲ. ಇದಕ್ಕೆ ಅತ್ಯಂತ ದೊಡ್ಡ ಸಾಕ್ಷಿ ನಮ್ಮ ದೇಶದಲ್ಲೇ ಇದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾಗೆ ತುತ್ತಾಗುತ್ತಿದ್ದಾಗ, ರಕ್ತನಾಳಕ್ಕೆ ಹಾಕುವ ಸಲೈನ್ ಸಾಲದೆ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸು ಬೆರೆಸಿದ ನೀರನ್ನು ಕುಡಿಸಿದರು. ಶೇ. 30ರ ಹತ್ತಿರವಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇ. 3.6ಕ್ಕೆ ಇಳಿಯಿತು. ಕಾಲರಾಗಿಂತ ಘೋರವಾದ ಭೇದಿ ಇನ್ನೊಂದಿಲ್ಲ. ಆದರೂ ಆ ಕರುಳು ಉಪ್ಪು, ಸಕ್ಕರೆ, ನೀರನ್ನು ಹೀರುತ್ತಲೇ ಇತ್ತು. ಹೀರದಿದ್ದರೆ ಓಆರ್‌ಎಸ್ ಎಂಬುದೇ ಕೆಲಸ ಮಾಡುತ್ತಿರಲಿಲ್ಲ. ನೀರ್ಭೇದಿಯಲ್ಲಿ ಆಗುವುದು ಕರುಳಿನ ಗೋಡೆಯಿಂದ ನೀರು ಒಳಕ್ಕೆ ಸುರಿಯುವ ಕೆಲಸ ಮಿತಿಮೀರುವುದು. ಹೀರುವ ಕೆಲಸ ನಿಲ್ಲುವುದಲ್ಲ. ಗ್ಲೂಕೋಸಿಗಾದರೂ ಗೋಡೆ ದಾಟಲು ವಿಶೇಷ ವಾಹಕ ಬೇಕು, ಹಾರ್ಮೋನಿಗೆ ಅದೂ ಬೇಡ.

ಗ್ಲೂಕೋಸಿನ ಮಾತನ್ನು ಹಾರ್ಮೋನಿಗೆ ಹಚ್ಚುವುದು ತರ್ಕದ ಜಿಗಿತವಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನೇರ ಸಾಕ್ಷ್ಯ ಬೇಕಾದರೆ ದೊಡ್ಡ ಕರುಳೇ ಇಲ್ಲದ ಮಹಿಳೆಯರ ಕಡೆ ನೋಡಬೇಕು. ಕರುಳಿನ ಉರಿಯೂತದಂಥ ಕಾಯಿಲೆಗೆ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲಿನ ರಂಧ್ರಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆಯೊಂದಿದೆ. ಇಂಥವರಲ್ಲಿ ಮಲ ಯಾವಾಗಲೂ ತೆಳುವಾಗಿಯೇ ಹೊರಬರುತ್ತದೆ. 1980ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಇಂಥ ಮಹಿಳೆಯರಿಗೆ ಮಾಲಾ-ಎನ್‌ನಲ್ಲಿರುವ ಇದೇ ಎರಡು ಹಾರ್ಮೋನುಗಳನ್ನು ಕೊಟ್ಟು ರಕ್ತದಲ್ಲಿ ಅಳೆದು ನೋಡಿದರು. ಹೀರಿಕೆಯಲ್ಲಿ ಚಿಂತೆಪಡುವಂಥ ಕೊರತೆ ಕಾಣಲಿಲ್ಲ. ಮಾತ್ರೆಯ ಕೆಲಸ ಮುಗಿಯುವುದು ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಅದರಾಚೆಗೆ ದೊಡ್ಡ ಕರುಳು ಕೆಡಲಿ, ಇಲ್ಲದೆಯೇ ಹೋಗಲಿ, ಅದಕ್ಕೆ ಬಾಧೆಯಿಲ್ಲ. ನಾವು ಭೇದಿ ಎಂದು ಕರೆಯುವ ಬಹುಪಾಲು ಕಿರಿಕಿರಿಗಳು, ಅಂದರೆ ಮಧ್ಯಾಹ್ನ ತಿಂದದ್ದು ಒಗ್ಗದೆ ಸಂಜೆಗೆ ಎರಡು ಮೂರು ಸಲ ಹೋಗಿ ಮರುದಿನ ಸರಿಯಾಗುವಂಥವು, ಮಾತ್ರೆಯ ಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಸಣ್ಣ ಕರುಳೇ ಕೆಟ್ಟಿದ್ದರೆ? ತೂಕ ಇಳಿಸಲು ಸಣ್ಣ ಕರುಳಿನ ಮೇಲ್ಭಾಗವನ್ನು ಬಳಸಿ ದಾಟುವ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಬಾಯಲ್ಲಿ ನುಂಗುವ ಗರ್ಭನಿರೋಧಕವನ್ನು ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ. ಕ್ರೋನ್ಸ್ ಕಾಯಿಲೆ ಸಣ್ಣ ಕರುಳನ್ನು ತೀವ್ರವಾಗಿ ಹಿಡಿದಿದ್ದರೂ ವೈದ್ಯರು ಬೇರೆ ದಾರಿ ಸೂಚಿಸುತ್ತಾರೆ. ಯಾವ ಭಾಗ ಕೆಟ್ಟಿದೆ ಎಂಬುದೇ ನಿರ್ಣಾಯಕ ಎನ್ನುವುದಕ್ಕೆ ಇವೂ ಸಾಕ್ಷಿ. ಹಾಗಾಗಿ ಸಾಮಾನ್ಯ ಭೇದಿಯನ್ನು ನಿರ್ಲಕ್ಷಿಸಬಹುದಾದರೂ ತೀವ್ರವಾದ, ಒಂದು ದಿನ ದಾಟಿದ, ನಿಲ್ಲದೆ ಹರಿಯುವ ಭೇದಿಯನ್ನು ಮಾರ್ಗಸೂಚಿಗಳು ಬೇರೆಯಾಗಿ ಎಣಿಸುತ್ತವೆ. ಅಂಥ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಸಣ್ಣ ಕರುಳನ್ನು ಓಡಿಕೊಂಡು ದಾಟುತ್ತದೆ, ಗೋಡೆಯೂ ಊದಿಕೊಂಡಿರುತ್ತದೆ, ಮತ್ತು ಇಂಥ ಭೇದಿ ಸಾಮಾನ್ಯವಾಗಿ ವಾಂತಿಯನ್ನು ಜೊತೆಗೆ ಕರೆತಂದಿರುತ್ತದೆ. ಪ್ರಯೋಗಶಾಲೆಗೆ ಕಾಣದ ಇನ್ನೊಂದು ಕಾರಣವೂ ಉಂಟು. ಎರಡು ದಿನ ಏಳಲಾರದೆ ಮಲಗಿದವಳಿಗೆ ಮಾತ್ರೆಯ ನೆನಪೇ ಇರುವುದಿಲ್ಲ. ನೆನಪಾದರೂ ಇನ್ನು ಏನನ್ನೂ ಹೊಟ್ಟೆಗೆ ಹಾಕುವ ಮನಸ್ಸಿರುವುದಿಲ್ಲ. ಹೊಟ್ಟೆ ಕೆಟ್ಟು ಮಾತ್ರೆ ಸೋತಿತು ಎಂದು ಹೇಳುವ ಎಷ್ಟೋ ಪ್ರಸಂಗಗಳಲ್ಲಿ ಮಾತ್ರೆ ಹೊಟ್ಟೆಗೆ ಹೋಗಿಯೇ ಇರುವುದಿಲ್ಲ ಎಂಬುದು ನನ್ನ ಗುಮಾನಿ.

ಹೊಟ್ಟೆ ಕೆಟ್ಟಾಗ ಕೊಡುವ ಔಷಧಿಯ ಬಗ್ಗೆ ಒಂದು ಹಳೆಯ ಆಕ್ಷೇಪವಿದೆ. ಭೇದಿಯಿಂದ ಮಾತ್ರೆ ಕೆಡದಿದ್ದರೂ ಆಂಟಿಬಯಾಟಿಕ್‌ನಿಂದ ಕೆಡುತ್ತದಲ್ಲ ಎಂದು ಕೇಳುವವರು ಈಗಲೂ ಸಿಗುತ್ತಾರೆ. ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಜೊತೆ ಗರ್ಭನಿರೋಧಕ ಮಾತ್ರೆ ವಿಫಲವಾಗುತ್ತಿದೆ ಎಂದು 1971ರಲ್ಲಿ ಜರ್ಮನಿಯ ವೈದ್ಯರು ಗಮನಿಸಿದರು. ಅದು ನಿಜವೇ ಆಗಿತ್ತು. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಎರಡೂ ಹಾರ್ಮೋನುಗಳನ್ನು ಬೇಗನೆ ಒಡೆದುಹಾಕುತ್ತದೆ. ಆಮೇಲೆ ಆಂಪಿಸಿಲಿನ್, ಟೆಟ್ರಾಸೈಕ್ಲಿನ್‌ನಂಥ ಸಾಮಾನ್ಯ ಆಂಟಿಬಯಾಟಿಕ್‌ಗಳ ಮೇಲೂ ಸಂಶಯ ಬಿತ್ತು. ಅದಕ್ಕೊಂದು ಚೆಂದದ ವಿವರಣೆಯೂ ಸಿಕ್ಕಿತು: ಈಥಿನೈಲ್ ಈಸ್ಟ್ರಾಡಿಯಾಲ್‌ನ ಒಂದು ಭಾಗ ಯಕೃತ್ತಿನಲ್ಲಿ ರೂಪಾಂತರಗೊಂಡು ಪಿತ್ತರಸದ ಜೊತೆ ಕರುಳಿಗೆ ಮರಳುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಬಿಡಿಸಿ ಮತ್ತೆ ಹೀರಿಕೆಗೆ ಒದಗಿಸುತ್ತವೆ, ಆಂಟಿಬಯಾಟಿಕ್ ಆ ಬ್ಯಾಕ್ಟೀರಿಯಾವನ್ನು ಕೊಂದರೆ ಹಾರ್ಮೋನಿನ ಎರಡನೆಯ ಸುತ್ತು ತಪ್ಪುತ್ತದೆ. ಕೇಳಲು ಹಿತವಾದ ಸಿದ್ಧಾಂತ. ಆದರೆ ಆ ಬ್ಯಾಕ್ಟೀರಿಯಾಗಳ ಮುಖ್ಯ ನೆಲೆ ದೊಡ್ಡ ಕರುಳು. ದೊಡ್ಡ ಕರುಳೇ ಇಲ್ಲದವರಲ್ಲೂ ಹಾರ್ಮೋನು ಸಾಕಷ್ಟಿತ್ತು ಎಂದಮೇಲೆ ಈ ಎರಡನೆಯ ಸುತ್ತಿನ ಪಾತ್ರ ಅಷ್ಟು ದೊಡ್ಡದಿರಲಾರದು. ಲೆವೊನಾರ್ಜೆಸ್ಟ್ರೆಲ್ ಅಂತೂ ಸಕ್ರಿಯ ರೂಪದಲ್ಲಿ ಹೀಗೆ ಸುತ್ತುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ, 2011ರಲ್ಲಿ ಬ್ರಿಟನ್ನಿನ ತಜ್ಞರ ಸಂಸ್ಥೆಯೂ ಸಾಮಾನ್ಯ ಆಂಟಿಬಯಾಟಿಕ್‌ಗಳ ಜೊತೆ ಹೆಚ್ಚಿನ ಎಚ್ಚರಿಕೆ ಬೇಡವೆಂದು ಹಳೆಯ ಸಲಹೆಯನ್ನು ಕೈಬಿಟ್ಟವು. ರಿಫಾಂಪಿಸಿನ್ ಮತ್ತು ಅದರ ಬಳಗದ ರಿಫಾಬುಟಿನ್ ಮಾತ್ರ ಪಟ್ಟಿಯಲ್ಲಿ ಉಳಿದವು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2020ರಲ್ಲಿ ಜೆಫ್ರಿ ಆರನ್ಸನ್ ಮತ್ತು ರಾಬಿನ್ ಫರ್ನರ್ ಬ್ರಿಟನ್ನಿನ ಔಷಧ ದುಷ್ಪರಿಣಾಮ ವರದಿಗಳ ದಾಖಲೆಯನ್ನು ಜಾಲಾಡಿ, ಇತರ ಸಾಮಾನ್ಯ ಔಷಧಿಗಳಿಗೆ ಹೋಲಿಸಿದರೆ ಆಂಟಿಬಯಾಟಿಕ್‌ಗಳ ವರದಿಗಳಲ್ಲಿ ಬೇಡದ ಗರ್ಭದ ಉಲ್ಲೇಖ ಏಳು ಪಟ್ಟು ಹೆಚ್ಚಿದೆ ಎಂದು ತೋರಿಸಿದರು. ಗಂಭೀರ ಸಂಶೋಧಕರ ಕೆಲಸ, ತಳ್ಳಿಹಾಕುವಂಥದ್ದಲ್ಲ. ಆದರೆ ಇದು ಸ್ವಇಚ್ಛೆಯಿಂದ ಬಂದ ವರದಿಗಳ ಎಣಿಕೆ. ಆಂಟಿಬಯಾಟಿಕ್ ಮಾತ್ರೆಯನ್ನು ಕೆಡಿಸುತ್ತದೆ ಎಂದು ದಶಕಗಳಿಂದ ಕೇಳಿದ ವೈದ್ಯರು ಅಂಥ ಪ್ರಸಂಗವನ್ನೇ ಹೆಚ್ಚಾಗಿ ವರದಿ ಮಾಡುವುದು ಸಹಜ. ಜೊತೆಗೆ ಆಂಟಿಬಯಾಟಿಕ್ ತೆಗೆದುಕೊಂಡವರೆಂದರೆ ಕಾಯಿಲೆ ಬಿದ್ದವರು, ವಾಂತಿ ಮಾಡಿಕೊಂಡವರು, ಮಾತ್ರೆ ಮರೆತವರು. ರಕ್ತದಲ್ಲಿ ಹಾರ್ಮೋನು ಅಳೆದ ಅಧ್ಯಯನಗಳು ಬೇರೆಯೇ ದಿಕ್ಕು ತೋರಿಸುತ್ತಿರುವಾಗ ನಾನು ಅವುಗಳ ಕಡೆಗೇ ವಾಲುತ್ತೇನೆ. ನಮ್ಮಲ್ಲಿ ಲೂಸ್ ಮೋಷನ್‌ಗೆ ಬರೆಯುವ ಮೆಟ್ರೊನಿಡಜೋಲ್, ಆಫ್ಲಾಕ್ಸಸಿನ್‌ನಂಥವು ರಿಫಾಂಪಿಸಿನ್‌ನಂತೆ ಕಿಣ್ವಗಳನ್ನು ಕೆರಳಿಸುವುದಿಲ್ಲ. ಕ್ಷಯದ ಚಿಕಿತ್ಸೆಯಲ್ಲಿರುವವರ ಮಾತು ಮಾತ್ರ ಪೂರ್ತಿ ಬೇರೆ. ಆರು ತಿಂಗಳ ಕೋರ್ಸಿನುದ್ದಕ್ಕೂ ರಿಫಾಂಪಿಸಿನ್ ಇರುತ್ತದೆ. ಆ ಅವಧಿಯಲ್ಲೂ ಮುಗಿದ ಮೇಲೆ ನಾಲ್ಕು ವಾರವೂ ಮಾಲಾ-ಎನ್ ಒಂದನ್ನೇ ನಂಬುವಂತಿಲ್ಲ, ಅವರ ಹೊಟ್ಟೆ ಎಷ್ಟೇ ಚೆನ್ನಾಗಿರಲಿ.

ಈಗ ಸ್ಟ್ರಿಪ್ಪಿನ ಲೆಕ್ಕಕ್ಕೆ ಬರೋಣ. ಮಾತ್ರೆಯ ಮುಖ್ಯ ಕೆಲಸ ಅಂಡಾಣು ಬಿಡುಗಡೆಯಾಗದಂತೆ ತಡೆಯುವುದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸೂಚನೆಯ ಮೇರೆಗೆ ಅಂಡಾಶಯದಲ್ಲಿ ಅಂಡಾಣುವನ್ನು ಹೊತ್ತ ಪುಟ್ಟ ಕೋಶಿಕೆಗಳು ಬೆಳೆಯುತ್ತವೆ. ಹಾರ್ಮೋನು ಮಾತ್ರೆ ಆ ಸೂಚನೆಯನ್ನು ಅಡಗಿಸುತ್ತದೆ. ಕಬ್ಬಿಣದ ಮಾತ್ರೆಯ ಏಳು ದಿನ ಹಾರ್ಮೋನು ಇಲ್ಲ, ಆದ್ದರಿಂದ ಸೂಚನೆ ಮತ್ತೆ ಹೊರಡುತ್ತದೆ, ಕೋಶಿಕೆಗಳು ನಿಧಾನವಾಗಿ ದೊಡ್ಡದಾಗತೊಡಗುತ್ತವೆ. ಏಳನೆಯ ದಿನದ ಹೊತ್ತಿಗೆ ಕೆಲವು ಮಹಿಳೆಯರಲ್ಲಿ ಒಂದು ಕೋಶಿಕೆ 10 ಮಿಲಿಮೀಟರ್ ಮುಟ್ಟಿರುತ್ತದೆ. ಅಂಡಾಣು ಹೊರಬೀಳಲು ಸುಮಾರು 20 ಮಿಲಿಮೀಟರ್ ಆಗಬೇಕು. ಒಲೆಯ ಮೇಲಿನ ಹಾಲು ಬಿಸಿಯಾಗಿದೆ, ಇನ್ನೂ ಉಕ್ಕಿಲ್ಲ. ಹೊಸ ಸ್ಟ್ರಿಪ್ಪಿನ ಮೊದಲ ಬಿಳಿ ಮಾತ್ರೆ ಸರಿಯಾದ ದಿನ ಹೊಟ್ಟೆಗೆ ಬಿದ್ದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಅದೇ ವಾರ ಎರಡು ಮೂರು ದಿನ ವಾಂತಿಯಾಗಿ ಮಾತ್ರೆ ದಕ್ಕದೆ ಹೋದರೆ ಏಳು ದಿನದ ಬಿಡುವು ಒಂಬತ್ತೋ ಹತ್ತೋ ದಿನಕ್ಕೆ ಹಿಗ್ಗುತ್ತದೆ. ಅಪಾಯ ನಿಜವಾಗಿ ಇರುವುದು ಇಲ್ಲಿ. ಎರಡನೆಯ ವಾರದ ನಡುವೆ ಅದೇ ವಾಂತಿ ಬಂದರೆ ಅಂಡಾಶಯ ಆಗಲೇ ಗಾಢ ನಿದ್ದೆಯಲ್ಲಿರುತ್ತದೆ, ಅದನ್ನು ಎಬ್ಬಿಸಲು ಎರಡು ದಿನ ಸಾಲದು. ಮೂರನೆಯ ವಾರದ ಕೊನೆಯಲ್ಲಿ ಬಂದರೆ ಮುಂದಿನ ಬಿಡುವಿಗೆ ಎರಡು ದಿನ ಮೊದಲೇ ಸೇರಿಕೊಂಡಂತಾಗಿ ಮತ್ತೆ ಮೊದಲಿನ ಕಷ್ಟವೇ.

ಇದು ಊಹೆಯ ಮಾತಲ್ಲ. 1986ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದರಲ್ಲಿ ಮಹಿಳೆಯರಿಗೆ ಮೈಕ್ರೊಗೈನಾನ್ ಕೊಟ್ಟರು. ಹೆಸರು ಬೇರೆಯಾದರೂ ಅದರೊಳಗಿನ ಹಾರ್ಮೋನುಗಳೂ ಪ್ರಮಾಣವೂ ಮಾಲಾ-ಎನ್‌ನವೇ. ಕೆಲವರಿಗೆ ಏಳು ದಿನ, ಕೆಲವರಿಗೆ ಹದಿನಾಲ್ಕು, ಕೆಲವರಿಗೆ ಇಪ್ಪತ್ತೊಂದು ದಿನ ಕೊಟ್ಟು ನಿಲ್ಲಿಸಿ, ಆಮೇಲಿನ ಏಳು ದಿನದಲ್ಲಿ ಅಂಡಾಶಯ ಎಷ್ಟು ಎಚ್ಚರಗೊಳ್ಳುತ್ತದೆ ಎಂದು ನೋಡಿದರು. ಮೂರೂ ಗುಂಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂಡಾಶಯವನ್ನು ಮಲಗಿಸಲು ಸಾಲಾಗಿ ಏಳು ಮಾತ್ರೆ ಸಾಕು ಎಂಬ ಇಂದಿನ ನಿಯಮಕ್ಕೆ ಇದು ಒಂದು ಬುನಾದಿ. ಎರಡು ದಿನಕ್ಕಿಂತ ಹೆಚ್ಚು ವಾಂತಿ-ಭೇದಿಯಾದವರು ಗುಣವಾದ ಮೇಲೆ ಏಳು ಬಿಳಿ ಮಾತ್ರೆ ಸಾಲಾಗಿ ದಕ್ಕುವ ತನಕ ಕಾಂಡೋಮ್ ಬಳಸಬೇಕು ಎನ್ನುವುದು ಈ ಏಳರ ಲೆಕ್ಕವೇ. ಮೂರನೆಯ ವಾರದಲ್ಲಿ ಹೀಗಾದರೆ ಕಬ್ಬಿಣದ ಮಾತ್ರೆಗಳನ್ನು ಬಿಟ್ಟು ನೇರವಾಗಿ ಹೊಸ ಸ್ಟ್ರಿಪ್ಪಿನ ಬಿಳಿ ಮಾತ್ರೆಗೆ ಹೋಗಬೇಕು. ಆ ತಿಂಗಳು ಮುಟ್ಟು ಬರದೆ ಹೋಗಬಹುದು, ಗಾಬರಿಯಾಗಬೇಕಿಲ್ಲ. ಮೊದಲ ವಾರದಲ್ಲಿ ಹೀಗಾಗಿ, ಆ ದಿನಗಳಲ್ಲಿ ಗಂಡ-ಹೆಂಡತಿ ಸೇರಿದ್ದರೆ ತುರ್ತು ಮಾತ್ರೆಯ ಬಗ್ಗೆ ತಡಮಾಡದೆ ವೈದ್ಯರನ್ನು ಕೇಳಬೇಕು.

ಅಂಡಾಶಯ ಇಷ್ಟು ಸುಲಭವಾಗಿ ಮಲಗುವುದಾದರೆ, ಒಂದು ಮಾತ್ರೆ ತಪ್ಪಿದರೂ ಏನೂ ಆಗದಿದ್ದರೆ, ಈ ನಿಯಮಗಳ ಗದ್ದಲವೇಕೆ ಎಂದು ಯಾರಾದರೂ ಕೇಳಿದರೆ ಎರಡು ಉತ್ತರ ಇವೆ. ಒಂದು, ಮಾತ್ರೆಯ ಚರಿತ್ರೆ. 1960ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಗರ್ಭನಿರೋಧಕ ಮಾತ್ರೆ ಎನೋವಿಡ್‌ನಲ್ಲಿ ಈಸ್ಟ್ರೋಜನ್ 150 ಮೈಕ್ರೊಗ್ರಾಂ ಇತ್ತು. ತೂಕದ ಲೆಕ್ಕದಲ್ಲಿ ಇದು ಮಾಲಾ-ಎನ್‌ನ ಐದು ಪಟ್ಟು, ಅದೂ ಮೆಸ್ಟ್ರನಾಲ್ ಎಂಬ ಬೇರೆ ರೂಪದಲ್ಲಿ. ಅಷ್ಟು ಧಾರಾಳವಾಗಿದ್ದಾಗ ಒಂದೆರಡು ಮಾತ್ರೆ ವಾಂತಿಯಲ್ಲಿ ಹೋದರೂ ನಡೆಯುತ್ತಿತ್ತೇನೋ. ಆದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಈಸ್ಟ್ರೋಜನ್ ಹೆಚ್ಚಿದಂತೆ ಹೆಚ್ಚುತ್ತದೆ ಎಂದು ತಿಳಿದ ಮೇಲೆ ಪ್ರಮಾಣ ಇಳಿಯುತ್ತಾ ಬಂತು. ಹೆಂಗಸರಿಗೆ ಅದರಿಂದ ಒಳ್ಳೆಯದೇ ಆಯಿತು, ತಪ್ಪಿಗೆ ಇದ್ದ ಅವಕಾಶ ಮಾತ್ರ ಕಿರಿದಾಯಿತು. ಎರಡನೆಯದು, ಎಲ್ಲರ ದೇಹವೂ ಒಂದೇ ಅಲ್ಲ. ಒಂದೇ ಮಾತ್ರೆ ನುಂಗಿದ ಇಬ್ಬರ ರಕ್ತದಲ್ಲಿ ಈಥಿನೈಲ್ ಈಸ್ಟ್ರಾಡಿಯಾಲ್ ಪ್ರಮಾಣ ಹಲವು ಪಟ್ಟು ಬೇರೆಯಾಗಿರಬಹುದು. ಬಹುಪಾಲು ಹೆಂಗಸರಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಇರುತ್ತದೆ, ಕೆಲವರಿಗೆ ಅಂಚಿನಲ್ಲಿರುತ್ತದೆ, ಮತ್ತು ತಾನು ಯಾವ ಗುಂಪಿನವಳು ಎಂದು ಯಾರಿಗೂ ಮುಂಚಿತವಾಗಿ ಗೊತ್ತಾಗುವುದಿಲ್ಲ. ನಿಯಮ ಬರೆಯುವವರು ಅಂಚಿನವರನ್ನು ಕಣ್ಣೆದುರು ಇಟ್ಟುಕೊಂಡೇ ಬರೆಯಬೇಕಾಗುತ್ತದೆ. ಒಂದೂ ತಪ್ಪದೆ ನುಂಗಿದರೆ ವರ್ಷಕ್ಕೆ ಸಾವಿರಕ್ಕೆ ಮೂವರಷ್ಟೇ ಗರ್ಭ ಧರಿಸುತ್ತಾರೆ ಎಂಬ ಅಂದಾಜಿರುವ ಈ ವಿಧಾನದಲ್ಲಿ, ಜನ ನಿಜವಾಗಿ ಬಳಸುವ ರೀತಿಯಲ್ಲಿ ಅದು ನೂರಕ್ಕೆ ಏಳಕ್ಕೆ ಏರುತ್ತದೆ. ಆ ಅಂತರದ ಬಹುಭಾಗ ಮರೆವಿನದು, ಸಣ್ಣ ಭಾಗ ಹೊಟ್ಟೆಯದು.

ಬೇರೆ ಮಾತ್ರೆಗಳಿಗೆ ಈ ಲೆಕ್ಕವನ್ನು ಹಾಗೆಯೇ ಎತ್ತಿ ಹಚ್ಚಬಾರದು. ಪ್ರೊಜೆಸ್ಟಿನ್ ಒಂದೇ ಇರುವ ಮಾತ್ರೆಯಲ್ಲಿ, ವಿಶೇಷವಾಗಿ ಹಳೆಯ ಬಗೆಯವುಗಳಲ್ಲಿ, ಕೆಲಸ ಬಹುಮಟ್ಟಿಗೆ ಗರ್ಭಕೊರಳಿನ ಲೋಳೆಯನ್ನು ಗಟ್ಟಿಯಾಗಿಸುವುದರ ಮೇಲೆ ನಿಂತಿದೆ. ಆ ಪರಿಣಾಮ ಒಂದು ದಿನ ದಾಟುತ್ತಲೇ ಸಡಿಲವಾಗುತ್ತದೆ. ಅಲ್ಲಿ ಏಳು ದಿನದ ಕಾಪಿಟ್ಟ ಭದ್ರತೆಯಿಲ್ಲ, ಒಂದೇ ವಾಂತಿಯೂ ಮುಖ್ಯ. ತುರ್ತು ಮಾತ್ರೆಯಲ್ಲಿ ಇನ್ನೂ ಬಿಗಿ, ಇರುವುದೇ ಒಂದು ಅವಕಾಶ. ಹಿಂದೆ ಎರಡು ಹಾರ್ಮೋನುಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದ ಕಾಲದಲ್ಲಿ ನುಂಗಿದವರಲ್ಲಿ ಐದಕ್ಕೊಬ್ಬರು ವಾಂತಿ ಮಾಡಿಕೊಳ್ಳುತ್ತಿದ್ದರು. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗವೊಂದು ಲೆವೊನಾರ್ಜೆಸ್ಟ್ರೆಲ್ ಒಂದನ್ನೇ ಕೊಟ್ಟರೆ ವಾಂತಿ ಶೇ. 18.8ರಿಂದ ಶೇ. 5.6ಕ್ಕೆ ಇಳಿಯುತ್ತದೆ, ಗುಣವೂ ಹೆಚ್ಚು ಎಂದು ತೋರಿಸಿತು. ಇಂದು ಔಷಧಿ ಅಂಗಡಿಯಲ್ಲಿ ಸಿಗುವ 1.5 ಮಿಲಿಗ್ರಾಂನ ಒಂಟಿ ಮಾತ್ರೆ ಅದರ ಫಲ. ಅದನ್ನು ನುಂಗಿ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಲೇಬೇಕು. ಮೂರು ಗಂಟೆಯೊಳಗೆ ಎಂದು ಎಣಿಸಿದರೂ ತಪ್ಪಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಛಾಯಾ ಎಂಬ ಹೆಸರಿನಲ್ಲಿ ಸಿಗುವ ಮಾತ್ರೆಯಲ್ಲಿ ಹಾರ್ಮೋನೇ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ನುಂಗುವಂಥದ್ದು; ದೇಹದಲ್ಲಿ ಬಹಳ ದಿನ ಉಳಿಯುತ್ತದೆ. ಆದರೆ ಅಲ್ಲಿ ವಾಂತಿಯಲ್ಲಿ ಹೋಗುವುದು ಒಂದು ದಿನದ ಪಾಲಲ್ಲ, ಹಲವು ದಿನಗಳ ಪಾಲು. ಅದನ್ನು ನುಂಗಿದ ಬೆನ್ನಿಗೇ ವಾಂತಿಯಾದವರು ಕೊಟ್ಟವರನ್ನು ವಿಚಾರಿಸಿ, ಅಲ್ಲಿಯ ತನಕ ಕಾಂಡೋಮ್ ಬಳಸುವುದು ಲೇಸು.

ಕಡೆಯದಾಗಿ ಒಂದು ಮಾತು. ಮಾತ್ರೆ ನುಂಗುವವಳಿಗೆ ನಾಲ್ಕಾರು ದಿನ ಬೆಳಿಗ್ಗೆ ಎದ್ದೊಡನೆ ವಾಂತಿಯಾಗುತ್ತಿದ್ದರೆ ಹೊರಗೆ ತಿಂದದ್ದನ್ನು ಬೈಯುವ ಮೊದಲು ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಮಾತ್ರೆ ಕೆಡಿಸಿದ ವಾಂತಿಯೋ, ಮಾತ್ರೆ ಕೆಟ್ಟದ್ದರಿಂದ ಬಂದ ವಾಂತಿಯೋ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಹೊಸದಾಗಿ ಮಾತ್ರೆ ಶುರುಮಾಡಿದವರಿಗೆ ಮೊದಲ ಒಂದೆರಡು ತಿಂಗಳು ಹೊಟ್ಟೆ ತೊಳಸುವುದು ಮಾತ್ರೆಯದೇ ಗುಣ. ರಾತ್ರಿ ಊಟದ ನಂತರ ನುಂಗಿ ಮಲಗಿದರೆ ಸಾಮಾನ್ಯವಾಗಿ ಅದು ತಾಳಿಕೊಳ್ಳುವಷ್ಟಿರುತ್ತದೆ. ಆಶಾ ಕಾರ್ಯಕರ್ತೆ ಸ್ಟ್ರಿಪ್ ಕೊಡುವಾಗ ಇನ್ನೊಂದನ್ನು ಹೆಚ್ಚಾಗಿ ಕೇಳಿ ಪಡೆದು, ಅದರ ಬೆನ್ನಿಗೆ 'ವಾಂತಿಯಾದರೆ' ಎಂದು ಪೆನ್ನಿನಲ್ಲಿ ಬರೆದು ಬೀರುವಿನಲ್ಲಿ ಇಟ್ಟುಕೊಳ್ಳಿ. ಕೊಡುವವರೂ ದಯವಿಟ್ಟು ಎರಡನ್ನು ಕೊಡಿ.